ದಾರಿ ಬರಿದಾದ ದಿನಗಳ ದಾಸೋಹ



ಶರಣಧರ್ಮದ ಪರಿಭಾಷೆಯಲ್ಲಿ 'ಜಂಗಮ' ಎಂಬುದು ಬಹು ಗಂಭೀರವಾದ ಪದ. ನಿಂತಲ್ಲಿಯೇ ನಿಲ್ಲುವುದು ಸ್ಥಾವರವಾದರೆ, ಚೈತನ್ಯದಿಂದ ಕೂಡಿ ಚಲಿಸುವುದು ಜಂಗಮ. ಬಸವಾದಿ ಪ್ರಮಥರು ಸ್ಥಾವರಕ್ಕಿಂತ ಜಂಗಮವನ್ನೇ ಹಿರಿದೆಂದು ಎತ್ತಿಹಿಡಿದರು. ಈ ತತ್ತ್ವವನ್ನು ಬಲ್ಲವರಿಗೆ ಪಾದಯಾತ್ರೆಯು ಕೇವಲ ಒಂದು ಊರಿನಿಂದ ಇನ್ನೊಂದು ಊರನ್ನು ಸೇರುವ ಪ್ರಯಾಣವಲ್ಲ, ಅದು ನಡೆಯುವವನ ಅಂತರಂಗದ ಶೋಧನೆ. ಆದರೆ ಈಚಿನ ವರ್ಷಗಳಲ್ಲಿ ಪಾದಯಾತ್ರೆಯ ಪ್ರಸ್ತಾಪ ಬಂದೊಡನೆ ಮೊದಲು ಕೇಳಿಬರುವುದು ಸಂಖ್ಯೆಯ ಮಾತು. ಈ ಸಲ ಎಷ್ಟು ಸಾವಿರ ಜನ ನಡೆದರು, ಹೋದ ಸಲಕ್ಕಿಂತ ಹೆಚ್ಚಾದರೇ, ಕಡಿಮೆಯಾದರೇ ಎಂಬುದೇ ಚರ್ಚೆಯ ವಿಷಯವಾಗುತ್ತದೆ. ದಾರಿ ತುಂಬಿದರೆ ಭಕ್ತಿ ತುಂಬಿತೆಂದೂ, ದಾರಿ ಬರಿದಾದರೆ ಭಕ್ತಿ ಬತ್ತಿತೆಂದೂ ಎಣಿಸುವ ರೂಢಿ ಬೆಳೆಯುತ್ತಿದೆ. ಈ ಎಣಿಕೆಯಲ್ಲಿ ದೊಡ್ಡದೊಂದು ತಪ್ಪು ಅಡಗಿದೆ. ಅದನ್ನು ಕಾಣಲು ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನ ಕಾಗಾಲದಂಥ ಒಂದು ಪುಟ್ಟ ಊರಿನ ದಾರಿಯನ್ನು ನೋಡಿದರೆ ಸಾಕು.

ಕಾಗಾಲವು ಅಘನಾಶಿನಿ ನದಿ ಕಡಲನ್ನು ಕೂಡುವ ಅಳಿವೆಗೆ ಸಮೀಪದ ಊರು. ಕುಮಟೆಯಿಂದ ಗೋಕರ್ಣಕ್ಕೆ ವಾಹನದಲ್ಲಿ ಹೋಗುವವರು ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮಿರ್ಜಾನಿನ ಮೇಲಿಂದ ಸುತ್ತಿಕೊಂಡು ಸಾಗುತ್ತಾರೆ. ಕಾಲ್ನಡಿಗೆಯವರಿಗಾದರೋ ಕಡಲ ಮಗ್ಗುಲಿನ ದಾರಿಯೊಂದಿದೆ. ಬಾಡ, ಕಾಗಾಲದ ಕಡೆಯಿಂದ ಅಘನಾಶಿನಿ ಗ್ರಾಮಕ್ಕೆ ಬಂದು, ಅಲ್ಲಿ ತಾರಿಯ ದೋಣಿಯಲ್ಲಿ ಅಳಿವೆಯನ್ನು ದಾಟಿದರೆ ಆಚೆ ದಡದಲ್ಲಿ ತದಡಿ. ತದಡಿಯಿಂದ ಮುಂದೆ ಗುಡ್ಡ, ಕಡಲತೀರಗಳನ್ನು ಹಾದು ಗೋಕರ್ಣವನ್ನು ಸೇರಬಹುದು. ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಗಜನಿ ಗದ್ದೆಗಳು, ನಡುವೆ ಜಂಬಿಟ್ಟಿಗೆ ಕಲ್ಲಿನ ಬಯಲು. ನಡೆಯುವವನಿಗೆ ಇದಕ್ಕಿಂತ ಚೆಲುವಾದ ದಾರಿ ಕರಾವಳಿಯಲ್ಲಿ ವಿರಳ.

ಈ ದಾರಿಗೆ ಎರಡು ಮುಖಗಳಿವೆ. ಮಳೆ ಹಿಂತೆಗೆದ ಮೇಲೆ, ಸುಮಾರಾಗಿ ಅಕ್ಟೋಬರ್ ತಿಂಗಳಿನಿಂದ, ಇಲ್ಲಿ ನಡೆಯುವವರು ಕಾಣಿಸಿಕೊಳ್ಳುತ್ತಾರೆ. ಡಿಸೆಂಬರ್ ಕೊನೆಯ ರಜೆಯ ದಿನಗಳಲ್ಲಿ ಕಡಲ ಚೆಲುವನ್ನು ಅರಸಿ ನಗರಗಳಿಂದ ಬರುವ ಯುವಕರ ಗುಂಪುಗಳು ಹೆಚ್ಚು. ಮಾಘ ಮಾಸದ ಕೊನೆಗೆ ಮಹಾಶಿವರಾತ್ರಿ ಸಮೀಪಿಸಿದಾಗ ಗೋಕರ್ಣವೆಂಬ ಊರೇ ಉಕ್ಕಿ ಹರಿಯುತ್ತದೆ. ಮಾರ್ಚ್ ಕಳೆದು ಬಿಸಿಲು ಬಲಿತಂತೆ ಗುಂಪುಗಳು ಕರಗುತ್ತವೆ. ಜೂನ್ ಬಂದಿತೆಂದರೆ ದಾರಿಯೇ ಇಲ್ಲವಾಗುತ್ತದೆ. ಅಲೆಗಳು ಮರಳುದಂಡೆಯನ್ನು ನುಂಗುತ್ತವೆ, ಕಲ್ಲುಬಯಲು ಪಾಚಿಗಟ್ಟಿ ಜಾರುತ್ತದೆ, ಅಳಿವೆಯಲ್ಲಿ ಕೆಂಪು ನೀರು ಸೆಳೆಯುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಗಿಲಾದ ಮಳೆ ಬೀಳುವ ನೆಲವಿದು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿದುಹೋಗುತ್ತದೆ. ಆ ನಾಲ್ಕು ತಿಂಗಳಲ್ಲಿ ಹೊರಗಿನಿಂದ ಬಂದ ಒಂದು ಹೆಜ್ಜೆಯ ಗುರುತೂ ಈ ದಾರಿಯಲ್ಲಿ ಕಾಣುವುದು ಅಪರೂಪ.

ಹಾಗಾದರೆ ಮಳೆಗಾಲದಲ್ಲಿ ಭಕ್ತಿ ಇಲ್ಲವೇ? ಈ ಪ್ರಶ್ನೆಗೆ ಉತ್ತರ ಕಾಯಕತತ್ತ್ವದಲ್ಲಿದೆ.

ಶರಣಸಂಸ್ಕೃತಿಗೆ ಸೇರಿದ ದೊಡ್ಡ ಯಾತ್ರೆಗಳ ಕಾಲವನ್ನು ಒಮ್ಮೆ ಗಮನಿಸಬೇಕು. ಇದೇ ಉತ್ತರ ಕನ್ನಡ ಜಿಲ್ಲೆಯ ಜೊಯಿಡಾ ತಾಲ್ಲೂಕಿನಲ್ಲಿರುವ ಉಳವಿಯಲ್ಲಿ ಚೆನ್ನಬಸವಣ್ಣನವರ ಜಾತ್ರೆ ನಡೆಯುವುದು ಭಾರತ ಹುಣ್ಣಿಮೆಯ ಆಸುಪಾಸಿನಲ್ಲಿ. ಧಾರವಾಡ, ಬೆಳಗಾವಿ ಸೀಮೆಗಳ ರೈತರು ಚಕ್ಕಡಿ ಹೂಡಿಕೊಂಡು, ಕೆಲವರು ಕಾಲ್ನಡಿಗೆಯಲ್ಲಿ, ಕಾಡನ್ನು ಹಾಯ್ದು ಉಳವಿಗೆ ಬರುತ್ತಾರೆ. ಅದು ಮುಂಗಾರಿನ ಪೈರು ಮನೆ ಸೇರಿ, ರೈತನಿಗೂ ಅವನ ಎತ್ತುಗಳಿಗೂ ತುಸು ಬಿಡುವು ಸಿಗುವ ಹೊತ್ತು. ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಿಂದಲೂ ನೆರೆಯ ಸೊಲ್ಲಾಪುರದ ಕಡೆಯಿಂದಲೂ ಮಲ್ಲಯ್ಯನ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆಯುವವರು ಯುಗಾದಿಯ ಹೊತ್ತಿಗೆ ಅಲ್ಲಿರುವಂತೆ ಹೊರಡುತ್ತಾರೆ. ಹಿಂಗಾರಿನ ಬಿಳಿಜೋಳದ ರಾಶಿ ಮುಗಿಯುವುದಕ್ಕೂ ಅವರು ದಾರಿ ಹಿಡಿಯುವುದಕ್ಕೂ ಇರುವ ನಂಟು ಆಕಸ್ಮಿಕವಲ್ಲ. ಮಳೆ ಬಿದ್ದ ಮೇಲೆ ಬಿತ್ತನೆಯನ್ನು ಬಿಟ್ಟು ಯಾತ್ರೆ ಹೊರಟ ರೈತನನ್ನು ಯಾವ ಶರಣನೂ ಮೆಚ್ಚಲಾರ. ಕಾಯಕದಲ್ಲಿ ನಿರತನಾದವನು ಅನ್ಯ ಕರ್ತವ್ಯಗಳನ್ನು ಮರೆತರೂ ಲೋಪವಿಲ್ಲವೆಂಬಷ್ಟು ಎತ್ತರದ ಸ್ಥಾನವನ್ನು ಕಾಯಕಕ್ಕೆ ಕೊಟ್ಟ ಪರಂಪರೆಯಿದು. ಆದುದರಿಂದ ಜುಲೈ ತಿಂಗಳಲ್ಲಿ ಯಾತ್ರೆಯ ದಾರಿ ಬರಿದಾಗಿದ್ದರೆ ಅದು ಭಕ್ತಿಯ ಕ್ಷಯವಲ್ಲ, ಹೊಲ ತುಂಬಿದೆ ಎಂಬುದರ ಸೂಚನೆ.

ಹಿರಿಯರು ಈ ಋತುಧರ್ಮವನ್ನು ಚೆನ್ನಾಗಿ ಅರಿತಿದ್ದರು. ಜೈನ ಮುನಿಗಳೂ ಬೌದ್ಧ ಭಿಕ್ಷುಗಳೂ ಮಳೆಗಾಲದಲ್ಲಿ ಸಂಚಾರವನ್ನು ನಿಲ್ಲಿಸಿ ಒಂದೆಡೆ ನೆಲೆಸುತ್ತಿದ್ದುದು ಪ್ರಸಿದ್ಧವೇ ಇದೆ. ಲಿಂಗಾಯತ ಮಠಗಳಲ್ಲಿ ಶ್ರಾವಣ ಮಾಸವು ಪುರಾಣ ಪ್ರವಚನಗಳ ಮಾಸ. ಸಂಜೆಯ ಮಳೆಯಲ್ಲಿ ಕಂಬಳಿಕೊಪ್ಪೆ ಹೊದ್ದು ಮಠದ ಅಂಗಳಕ್ಕೆ ಬಂದು ಕುಳಿತು ಶರಣರ ಚರಿತೆಯನ್ನು ಕೇಳಿದವನೇ, ಮಾಘ ಮಾಸದಲ್ಲಿ ಆ ಶರಣರು ನಡೆದ ದಾರಿಯಲ್ಲಿ ನಡೆಯುತ್ತಾನೆ. ಒಂದು ಕೇಳುವ ಕಾಲ, ಇನ್ನೊಂದು ನಡೆಯುವ ಕಾಲ. ಕೇಳದೆ ನಡೆದರೆ ಕಾಲು ಮಾತ್ರ ನೋಯುತ್ತದೆ. ಬರಿದಾದ ದಾರಿಯೂ ಯಾತ್ರೆಯ ಒಂದು ಅಂಗವೆಂದು ತಿಳಿದರೆ, ತಿಂಗಳಿಂದ ತಿಂಗಳಿಗೆ ಆಗುವ ಏರಿಳಿತದ ಬಗೆಗೆ ಚಿಂತಿಸುವ ಕಾರಣವೇ ಇಲ್ಲ.

ಇನ್ನು ಕಾಗಾಲದ ದಾರಿಯ ಬದಿಯಲ್ಲಿ ಬದುಕುವವರತ್ತ ದೃಷ್ಟಿ ಹರಿಸಬೇಕು. ಬಯಲುಸೀಮೆಯ ರೈತನಿಗೆ ಬಿಡುವಿರುವ ಮಾಘ ಫಾಲ್ಗುಣಗಳು ಅಘನಾಶಿನಿಯ ದಡದವರಿಗೆ ಬಿಡುವಿನ ಕಾಲವಲ್ಲ. ಆಚೆ ದಡದ ಸಾಣಿಕಟ್ಟೆಯ ಉಪ್ಪಿನ ಆಗರಗಳಲ್ಲಿ ಬೇಸಿಗೆಯ ಬಿಸಿಲೇ ಬೆಳೆಯ ಕಾಲ. ಬಿಸಿಲಿದ್ದರೆ ಉಪ್ಪು, ಮಳೆ ಬಿದ್ದರೆ ಎಲ್ಲವೂ ನೀರು. ಅಳಿವೆಯಲ್ಲಿ ನೀರು ಇಳಿದಾಗ ಸೊಂಟದ ಮಟ್ಟದ ಹೊಳೆಯಲ್ಲಿ ನಿಂತು ಬಳಚು ಆರಿಸುವ ಹೆಂಗಸರಿಗೂ, ಕಡಲಿಗಿಳಿಯುವ ಮೀನುಗಾರರಿಗೂ ಒಣ ತಿಂಗಳುಗಳೇ ದುಡಿಮೆಯ ತಿಂಗಳುಗಳು. ತಾರಿಯ ದೋಣಿ ನಡೆಸುವವನ ಮಾತಂತೂ ಹೇಳಬೇಕಾಗಿಯೇ ಇಲ್ಲ. ಶಿವರಾತ್ರಿಯ ದಿನ ಎಲ್ಲರೂ ದಾಟಿ ಹೋಗುತ್ತಾರೆ, ದಾಟಿಸುವವನು ಮಾತ್ರ ನೀರಿನ ನಡುವೆಯೇ ಉಳಿಯುತ್ತಾನೆ. ಇವರು ಯಾವ ಪಾದಯಾತ್ರೆಯ ಲೆಕ್ಕದಲ್ಲಿಯೂ ಸೇರಿದವರಲ್ಲ. ಸಂಖ್ಯೆಯೇ ಭಕ್ತಿಯ ಅಳತೆಗೋಲಾಗುವುದಾದರೆ ಇವರೆಲ್ಲ ಭಕ್ತಿಹೀನರೆನ್ನಬೇಕಾಗುತ್ತದೆ. ಹನ್ನೆರಡನೆಯ ಶತಮಾನದ ಶರಣಗಣದಲ್ಲಿ ಅಂಬಿಗರ ಚೌಡಯ್ಯನವರಿಗೆ ದೊರೆತ ಸ್ಥಾನವನ್ನು ನೆನೆದರೆ ಆ ಮಾತಿನ ಪೊಳ್ಳುತನ ತಾನಾಗಿಯೇ ಬಯಲಾಗುತ್ತದೆ. ದೋಣಿಯ ಹುಟ್ಟನ್ನು ಹಿಡಿದ ಕೈಯೇ ಅನುಭಾವದ ವಚನಗಳನ್ನು ಕೊಟ್ಟಿತು.

ಪ್ರಕೃತಿ ಮತ್ತು ಕಾಯಕಗಳು ಸೇರಿ ರೂಪಿಸಿದ ಈ ಹಳೆಯ ಲಯವನ್ನು ಈಚಿನ ಕಾಲ ಬದಲಿಸಿದೆ ಎಂಬುದನ್ನೂ ಒಪ್ಪಬೇಕು. 1998ರ ಜನವರಿ 26ರಂದು ಕೊಂಕಣ ರೈಲುಮಾರ್ಗ ಪೂರ್ಣವಾಗಿ ತೆರೆದ ಮೇಲೆ ಕರಾವಳಿಯ ಕ್ಷೇತ್ರಗಳು ದೂರದವರಿಗೂ ಹತ್ತಿರವಾದವು. ಹೆದ್ದಾರಿ ಅಗಲವಾಯಿತು. ದಿನಗಟ್ಟಲೆ ನಡೆದು ಬರುತ್ತಿದ್ದವರ ಜಾಗದಲ್ಲಿ ಒಂದೇ ರಾತ್ರಿಯಲ್ಲಿ ಬಂದು ಮರುದಿನವೇ ಹಿಂದಿರುಗುವವರು ಹೆಚ್ಚಿದರು. ಮೊದಲು ವಾರಗಳ ಮೇಲೆ ಹರಡಿರುತ್ತಿದ್ದ ಜನಪ್ರವಾಹ ಈಗ ಎರಡು ಮೂರು ದಿನಗಳ ಮೇಲೆ ಬಂದು ಬೀಳುತ್ತದೆ. ಪಂಚಾಂಗ ನೋಡಿ ಹೊರಡುವವರ ಜೊತೆಗೆ ರಜೆಯ ಪಟ್ಟಿ ನೋಡಿ ಹೊರಡುವವರೂ ಸೇರಿಕೊಂಡಿದ್ದಾರೆ. ಹೀಗಾಗಿ ಏರಿಳಿತವು ಮೊದಲಿಗಿಂತ ಕಡಿದಾಗಿದೆ. ತುಂಬಿದ ದಿನ ಕಾಲಿಡಲು ಸ್ಥಳವಿಲ್ಲ, ಮರುವಾರ ಅದೇ ಸ್ಥಳದಲ್ಲಿ ಉಳಿಯುವುದು ಪ್ಲಾಸ್ಟಿಕ್ ಬಾಟಲಿ ಮತ್ತು ಎಲೆಯ ರಾಶಿ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯು ರಾಮ್ಸಾರ್ ಪಟ್ಟಿಗೆ, ಅಂದರೆ ಜಾಗತಿಕ ಮಹತ್ತ್ವದ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು. ಲೋಕವೇ ಮನ್ನಿಸಿದ ಆ ನೀರಿಗೆ ಯಾತ್ರಿಕನು ಎಸೆದದ್ದು ಕೊನೆಗೆ ಸೇರುವುದು ಬಳಚು ಆರಿಸುವವಳ ಬುಟ್ಟಿಯನ್ನೇ.

ಪಂಚಾಂಗದ ಏರಿಳಿತವನ್ನೂ ಇಲ್ಲಿ ಮರೆಯಲಾಗದು. ಮಹಾಶಿವರಾತ್ರಿ 2024ರಲ್ಲಿ ಮಾರ್ಚ್ 8ರಂದು, 2025ರಲ್ಲಿ ಫೆಬ್ರವರಿ 26ರಂದು, 2026ರಲ್ಲಿ ಫೆಬ್ರವರಿ 15ರಂದು. ಯುಗಾದಿ 2024ರಲ್ಲಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30, 2026ರಲ್ಲಿ ಮಾರ್ಚ್ 19. ಚಾಂದ್ರಮಾನದ ವರ್ಷ ಹನ್ನೊಂದು ದಿನಗಳಷ್ಟು ಚಿಕ್ಕದಾಗಿ, ಅಧಿಕಮಾಸ ಬಂದಾಗ ಅದು ಸರಿಹೋಗುವುದರಿಂದ ಹಬ್ಬವು ಮೂರು ವಾರಗಳಷ್ಟು ಹಿಂದೆ ಮುಂದೆ ಸರಿಯುತ್ತದೆ. ಹೆಸರಿಗೆ ಅದೇ ಯಾತ್ರೆ, ಆದರೆ ಮಾರ್ಚ್ ನಡುವಿನ ಬಿಸಿಲಿಗೂ ಏಪ್ರಿಲ್ ಆರಂಭದ ಬಿಸಿಲಿಗೂ ಅಜಗಜಾಂತರ. ಆತ್ಮಕೂರಿನ ಆಚೆ ವೆಂಕಟಾಪುರ, ನಾಗಲೂಟಿ, ಪೆಚ್ಚೆರುವು, ಭೀಮನ ಕೊಳಗಳ ಮೂಲಕ ನಲ್ಲಮಲ ಕಾಡನ್ನು ಏರುವ ಶ್ರೀಶೈಲದ ಯಾತ್ರಿಕನಿಗೆ ಈ ಮೂರು ವಾರ ಬಹು ದೊಡ್ಡದು. ಯುಗಾದಿ ತಡವಾಗಿ ಬಂದ ವರ್ಷ ನಡೆಯುವವರ ಸಂಖ್ಯೆ ಕಡಿಮೆಯಾದರೆ ಅದನ್ನು ಶ್ರದ್ಧೆಯ ಕೊರತೆ ಎನ್ನದೆ ವಿವೇಕವೆನ್ನಬೇಕು. ವೃದ್ಧರನ್ನೂ ರೋಗಿಗಳನ್ನೂ ಹರಕೆಯ ಹೆಸರಿನಲ್ಲಿ ಅಂಥ ಬಿಸಿಲಿಗೆ ಒಡ್ಡುವುದು ಅಂಗವೇ ಲಿಂಗಕ್ಷೇತ್ರವೆಂದು ನಂಬಿದವರಿಗೆ ಒಪ್ಪುವ ನಡೆಯಲ್ಲ.

ಮಳೆಗಾಲದ ಮಾತೂ ಅಷ್ಟೇ. 2024ರ ಜುಲೈ 16ರಂದು ನೆರೆಯ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಬದಿಯಲ್ಲಿದ್ದವರು ಪ್ರಾಣ ಕಳೆದುಕೊಂಡರು. ಹೆದ್ದಾರಿಯೇ ಸುರಕ್ಷಿತವಲ್ಲದ ಕಾಲದಲ್ಲಿ ಕಡಲ ಅಂಚಿನ ಕಾಲುದಾರಿಯನ್ನು ಹಿಡಿಯುವುದು ಸಾಹಸವಾದೀತು, ಸಾಧನೆಯಾಗದು. ದಾರಿ ಮುಚ್ಚಿಕೊಂಡಾಗ ಮನೆಯಲ್ಲಿ ಕುಳಿತು ಕರಸ್ಥಲದಲ್ಲಿ ಇಷ್ಟಲಿಂಗವನ್ನು ಇರಿಸಿಕೊಳ್ಳುವ ಭಾಗ್ಯ ಶರಣಧರ್ಮದವರಿಗಿದೆ. 2020ರ ಮಾರ್ಚ್ 25, ಅಂದು ಯುಗಾದಿ. ಅದೇ ದಿನ ದೇಶಕ್ಕೆ ದೇಶವೇ ಬಾಗಿಲು ಮುಚ್ಚಿತು. ಆ ಯುಗಾದಿಗೆ ಶ್ರೀಶೈಲದ ದಾರಿಯಲ್ಲಿ ಎಂದಿನ ಭಕ್ತಸಮೂಹ ಇರಲಿಲ್ಲ. ಸಂಖ್ಯೆಯ ಲೆಕ್ಕದಲ್ಲಿ ಅದು ಶೂನ್ಯದ ವರ್ಷ. ಆದರೂ ಮನೆ ಮನೆಗಳಲ್ಲಿ ನಡೆದ ಲಿಂಗಪೂಜೆ ಅಂದು ಯಾವ ವರ್ಷಕ್ಕಿಂತಲೂ ಕಡಿಮೆಯದಾಗಿರಲಿಲ್ಲವೆಂಬುದನ್ನು ಆ ದಿನಗಳನ್ನು ಕಳೆದವರೆಲ್ಲರೂ ಬಲ್ಲರು.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಇಷ್ಟಲಿಂಗವೇ ಅಂಗೈಯಲ್ಲಿರುವಾಗ ಯಾತ್ರೆಯಾದರೂ ಏಕೆ ಬೇಕು ಎಂದು ಕೆಲವರು ಕೇಳುತ್ತಾರೆ. ಶರಣರು ತೀರ್ಥಸ್ನಾನದ ಪುಣ್ಯವನ್ನು ನಂಬಲಿಲ್ಲವೆಂಬುದು ನಿಜ. ಆದರೆ ಅವರು ನಡೆಯದೆ ಕುಳಿತವರಲ್ಲ. ಅಕ್ಕಮಹಾದೇವಿ ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲದ ಕದಳಿಗೆ ನಡೆದರು. ಕಲ್ಯಾಣದ ವಿಪ್ಲವದ ತರುವಾಯ ಚೆನ್ನಬಸವಣ್ಣನವರೂ ಅಕ್ಕನಾಗಮ್ಮನವರೂ ಶರಣಸಮೂಹದೊಡನೆ ವಚನಗಳ ಕಟ್ಟುಗಳನ್ನು ಕಾಪಾಡಿಕೊಂಡು ಉಳವಿಯ ಕಾಡಿಗೆ ಬಂದರೆಂಬುದು ಪರಂಪರೆಯ ನಂಬಿಕೆ. ಉಳವಿಯಲ್ಲಿ ಅಕ್ಕನಾಗಮ್ಮನ ಗವಿ ಇಂದಿಗೂ ಆ ಸ್ಮರಣೆಯನ್ನು ಉಳಿಸಿದೆ. ಬೆನ್ನಟ್ಟಿ ಬರುವ ಸೈನ್ಯದ ಮುಂದೆ ನಡೆದ ಅವರಿಗೆ ಋತುವನ್ನು ಆರಿಸಿಕೊಳ್ಳುವ ಅವಕಾಶವಿರಲಿಲ್ಲ, ಜೊತೆಯವರ ಸಂಖ್ಯೆಯನ್ನು ಎಣಿಸುವ ಮನಸ್ಸೂ ಇದ್ದಿರಲಾರದು. ದಾರಿಯಲ್ಲಿ ಅನ್ನ ನೀರು ಕೊಟ್ಟ ಹೆಸರಿಲ್ಲದ ಕೈಗಳಿಲ್ಲದೆ ಆ ನಡಿಗೆ ಗುರಿ ಮುಟ್ಟುತ್ತಿರಲಿಲ್ಲ. ಹಾಗಾಗಿ ಪುಣ್ಯದ ಗಳಿಕೆಗಾಗಿ ಅಲ್ಲದಿದ್ದರೂ, ಆ ಋಣದ ಸ್ಮರಣೆಗಾಗಿ ನಡೆಯುವುದು ಯೋಗ್ಯವೇ ಆಗಿದೆ.

ಋಣದ ಮಾತು ಬಂದಲ್ಲಿ ಈ ಬರಹದ ಮುಖ್ಯ ವಿಚಾರವೂ ಬರುತ್ತದೆ. ಯಾತ್ರೆಯ ದಿನಗಳಲ್ಲಿ ದಾರಿಯುದ್ದಕ್ಕೂ ದಾಸೋಹ ನಡೆಯುತ್ತದೆ. ಅರವಟ್ಟಿಗೆ, ಮಜ್ಜಿಗೆ, ಪ್ರಸಾದ, ಕಾಲಿಗೆ ಎಣ್ಣೆ, ತಂಗಲು ಚಪ್ಪರ ಯಾವುದಕ್ಕೂ ಕೊರತೆಯಿರುವುದಿಲ್ಲ. ಜನ ಹೆಚ್ಚಾದಷ್ಟೂ ದಾಸೋಹಿಗಳೂ ಹೆಚ್ಚುತ್ತಾರೆ. ಒಂದೇ ಊರಿನಲ್ಲಿ ನಾಲ್ಕು ಕಡೆ ಪ್ರಸಾದ ಬಡಿಸಿ ಕೊನೆಗೆ ಉಳಿದ ಅನ್ನವನ್ನು ಚೆಲ್ಲುವ ಪ್ರಸಂಗಗಳೂ ಉಂಟು. ಆಯ್ದಕ್ಕಿ ಮಾರಯ್ಯನವರ ಕಥೆಯನ್ನು ಇಲ್ಲಿ ನೆನೆಯಬೇಕು. ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಗಂಡನನ್ನು ಲಕ್ಕಮ್ಮನವರು ಹೊಗಳಲಿಲ್ಲ. ಮಿಕ್ಕುದನ್ನು ಇದ್ದಲ್ಲಿಯೇ ಸುರಿದು ಬರಲು ಹೇಳಿದರು. ದಾಸೋಹಕ್ಕೆಂದೇ ತಂದ ಅಕ್ಕಿಯಾದರೂ ಅಳತೆ ಮೀರಿದಾಗ ಅದು ಆಸೆಯಾಯಿತು. ತುಂಬಿದ ದಿನ ತುಂಬಿದ ಜಾಗದಲ್ಲಿಯೇ ಇನ್ನೊಂದು ಚಪ್ಪರ ಹಾಕುವ ಹುಮ್ಮಸ್ಸಿನಲ್ಲಿಯೂ ಅಂಥ ಆಸೆಯ ಒಂದಂಶ ಇದ್ದೀತು.

ಅತ್ತ ದಾರಿ ಬರಿದಾದ ದಿನಗಳಲ್ಲಿ ಏನಾಗುತ್ತದೆ? ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮೀನಿನ ಸಂತತಿ ಉಳಿಯಲು ಅದು ಅಗತ್ಯವಾದ ಕ್ರಮ. ನಾಡದೋಣಿಗಳಿಗೆ ಅವಕಾಶವಿದ್ದರೂ ಕಡಲು ಬಿಡುವುದಿಲ್ಲ. ಆಗರಗಳಲ್ಲಿ ಉಪ್ಪಿಲ್ಲ. ಹೊಳೆ ಸಿಹಿನೀರಿನಿಂದ ತುಂಬಿ ಹರಿಯುವಾಗ ಬಳಚು ಆರಿಸುವ ಕೆಲಸವೂ ಇಳಿಮುಖ. ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತವನ್ನು ಗಜನಿಯಲ್ಲಿ ಬಿತ್ತಿದವರಿಗೆ ಕೈಯಲ್ಲಿ ಕೆಲಸವಿದ್ದೀತು, ಫಸಲು ಬರುವುದು ಮಳೆಯ ಕೊನೆಗೆ. ಅಂದರೆ ಮಾಘದಲ್ಲಿ ದಾರಿಹೋಕನಿಗೆ ನೀರು ಕೊಟ್ಟ ಮನೆಯಲ್ಲಿ ಆಷಾಢದಲ್ಲಿ ಒಲೆ ಉರಿಯುವುದು ಕಷ್ಟ. ಆ ಹೊತ್ತಿಗೆ ಅಲ್ಲಿ ಯಾತ್ರಿಕನೂ ಇಲ್ಲ, ಚಪ್ಪರವೂ ಇಲ್ಲ, ದಾಸೋಹಿಯೂ ಇಲ್ಲ. ನಡೆಯುವವರ ಸಂಖ್ಯೆ ಶೂನ್ಯಕ್ಕಿಳಿದ ತಿಂಗಳುಗಳಲ್ಲಿಯೇ ದಾರಿಯವರ ಅಗತ್ಯ ಎಲ್ಲಕ್ಕಿಂತ ಮೇಲೇರಿರುತ್ತದೆ. ಸಂಖ್ಯೆಯನ್ನು ಮಾತ್ರ ನೋಡುವ ಕಣ್ಣಿಗೆ ಇದು ಕಾಣುವುದೇ ಇಲ್ಲ.

ದಾಸೋಹವೆಂದರೆ ದಾನವಲ್ಲ. ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ. ಸಮಾಜದಿಂದ ಪಡೆದುದನ್ನು ಸಮಾಜಕ್ಕೆ ಮರಳಿಸುವ ವಿನಯವದು. ಯಾತ್ರೆಯಲ್ಲಿ ದಾರಿಯಿಂದ ಪಡೆದವನು ದಾರಿಗೆ ಮರಳಿಸಬೇಕಾದರೆ ಅದಕ್ಕೆ ತಕ್ಕ ಕಾಲ ಮಳೆಗಾಲವೇ. ಕೆಳದಿಯ ಅರಸರು ಈ ಕರಾವಳಿಯನ್ನು ಆಳಿದ ಕಾಲದಲ್ಲಿ ಮಠಗಳಿಗೆ ದತ್ತಿ ಬಿಟ್ಟು ಅನ್ನದಾಸೋಹಕ್ಕೆ ಏರ್ಪಾಡು ಮಾಡಿದರು. ಭೂಮಿಯ ಹುಟ್ಟುವಳಿಯಿಂದ ನಡೆಯುವ ಅಂಥ ದತ್ತಿಯ ಆಶಯ ಜಾತ್ರೆಯ ಮೂರು ದಿನಕ್ಕೆ ಮುಗಿಯುವಂಥದ್ದಲ್ಲ, ವರ್ಷವಿಡೀ ಬಾಗಿಲು ತೆರೆದಿರಬೇಕೆಂಬುದು ಅದರ ಉದ್ದೇಶ. ಇಂದು ಅರಸರಿಲ್ಲ, ಆದರೆ ಸದ್ಭಕ್ತರಿದ್ದಾರೆ. ಶಿವರಾತ್ರಿಯ ಚಪ್ಪರಕ್ಕೆ ತೆಗೆದಿಟ್ಟ ಹಣದ ಒಂದು ಪಾಲನ್ನು ಆಷಾಢಕ್ಕೆ ಕಾಯ್ದಿರಿಸಿ, ನಡೆದು ಬಂದ ದಾರಿಯ ಊರುಗಳ ಮಕ್ಕಳ ಪುಸ್ತಕಕ್ಕೋ, ಮನೆಯ ಅಕ್ಕಿಗೋ, ಮುರಿದ ದೋಣಿಯ ದುರಸ್ತಿಗೋ ಸದ್ದಿಲ್ಲದೆ ಮುಟ್ಟಿಸಿದರೆ ಪಾದಯಾತ್ರೆ ಪೂರ್ಣಗೊಂಡಂತೆ. ಹೆಸರಿನ ಫಲಕ ಬೇಡ, ಭಾವಚಿತ್ರವೂ ಬೇಡ.

ನಡೆಯುವ ದಿನಗಳಲ್ಲಿಯೂ ಮಿತಿಯನ್ನು ಪಾಲಿಸಬಹುದು. ಎಲ್ಲರೂ ಒಂದೇ ದಿನಕ್ಕೆ ಮುತ್ತುವ ಬದಲು ಸಂಕ್ರಾಂತಿಯಿಂದ ಶಿವರಾತ್ರಿಯವರೆಗಿನ ವಾರಗಳಲ್ಲಿ ಸಣ್ಣ ಗುಂಪುಗಳಾಗಿ ನಡೆಯಬಹುದು. ಬಿಸಿಲೇರುವ ಮೊದಲು ಹೊರಟು ನಡುಹಗಲು ನೆರಳಿನಲ್ಲಿ ತಂಗಬಹುದು. ಆಗರದ ಬದುಗಳನ್ನು ತುಳಿಯದೆ, ತಂದ ಕಸವನ್ನು ತಾವೇ ಹೊತ್ತು ಮರಳಬಹುದು. ತಾರಿಯ ದೋಣಿಯಲ್ಲಿ ಚೌಕಾಶಿ ಮಾಡದೆ ಸಲ್ಲಬೇಕಾದ ಕೂಲಿಯನ್ನು ಸಲ್ಲಿಸಬಹುದು. ಇವೆಲ್ಲ ಸಣ್ಣ ಸಂಗತಿಗಳೆಂದು ತೋರಬಹುದು, ಆದರೆ ಆಚಾರವೆಂಬುದು ನಿಲ್ಲುವುದು ಇಂಥ ಸಣ್ಣ ಸಂಗತಿಗಳ ಮೇಲೆಯೇ.

ಕಡಲಿಗೆ ಭರತ ಇಳಿತಗಳಿರುವಂತೆ ದಾರಿಗೂ ಇವೆ. ಭರತದಲ್ಲಿ ಹಿಗ್ಗುವುದೂ ಇಳಿತದಲ್ಲಿ ಕುಗ್ಗುವುದೂ ಬೇಡ. ಈ ಸಲ ಎಷ್ಟು ಜನ ನಡೆದರು ಎಂದು ಕೇಳುವವರು, ನಡೆದವರಲ್ಲಿ ಎಷ್ಟು ಜನ ಆ ದಾರಿಯನ್ನು ಮಳೆಗಾಲದಲ್ಲಿ ನೆನೆದರು ಎಂದೂ ಕೇಳುವಂತಾದರೆ ಜಂಗಮ ಎಂಬ ಪದಕ್ಕೆ ಸಲ್ಲಬೇಕಾದ ಗೌರವ ಸಲ್ಲುತ್ತದೆ. ಮಾಘದಲ್ಲಿ ಕಾಗಾಲದ ಬದಿಯಲ್ಲಿ ನೀರು ಕುಡಿದ ಪಾತ್ರೆಯನ್ನು ಆಷಾಢದಲ್ಲಿ ತುಂಬಿ ಹಿಂದಿರುಗಿಸುವ ಬುದ್ಧಿಯನ್ನು ಬಸವಾದಿ ಶರಣರು ಎಲ್ಲರಿಗೂ ಕರುಣಿಸಲಿ.